ಗಿರಿಜಮ್ಮನ ಸಹಿ

ಮೊನ್ನೆ ಶಿವಮೊಗ್ಗದ ಬ್ಯಾಂಕಿನಲ್ಲಿ, ಕೌಂಟರಿನಲ್ಲಿದ್ದಾತ ನನ್ನ ಹೆಂಡತಿ ಗಿರಿಜೆಯ ಮುಂದೆ ಇಂಕ್ ಪ್ಯಾಡು ತಳ್ಳಿದ. "ಕೈ ನಡುಗ್ತಿದೆ ಅಜ್ಜೀ, ಸಹಿ ತಾಳೆ ಆಗ್ತಿಲ್ಲ. ಹೆಬ್ಬೆಟ್ಟು ಒತ್ತಿಬಿಡಿ" ಅಂದ. ಇವಳು ಪ್ಯಾಡನ್ನು ಒಂದೇ ಬೆರಳಲ್ಲಿ ವಾಪಸ್ಸು ತಳ್ಳಿ, "ಇನ್ನೊಂದು ಫಾರಂ ಕೊಡಪ್ಪಾ" ಅಂದಳು. ಆ ಶಾಯಿಯ ವಾಸನೆ ಮೂಗಿಗೆ ಬಡಿದದ್ದೇ, ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದೆ.

ಆಗ ನಾನು ಕಾರ್ಖಾನೆಯಲ್ಲಿ ಗುಮಾಸ್ತ. ಸಂಬಳ ತಗೊಂಡು ತೆಪ್ಪಗಿರೋ ಜಾಯಮಾನ ನನ್ನದಲ್ಲ ನೋಡಿ. ಮನೆಯ ಜಗಲಿಯಲ್ಲೇ ಕಾಫಿ ಕ್ಲಬ್ಬು ತೆಗೆಯೋ ಹುಚ್ಚು ಹತ್ತಿತು. ಕ್ಲಬ್ಬು ಅಂದರೆ ಇಸ್ಪೀಟಿನದ್ದಲ್ಲ, ಕಾಫಿ ಹೋಟೆಲಿಗೆ ಆಗ ಹಾಗನ್ನುತ್ತಿದ್ದರು. ನೌಕರಿಯಲ್ಲಿರುವವನು ವ್ಯಾಪಾರ ಮಾಡುವ ಹಾಗಿಲ್ಲ. ಸರಿ, ಲೈಸೆನ್ಸು ಹೆಂಡತಿಯ ಹೆಸರಿಗೆ. ಅವಳಿಗೋ ಅಕ್ಷರ ಬಾರದು. ಹೆಬ್ಬೆಟ್ಟು ಸಾಕು ಅಂದರು ಎಲ್ಲರೂ. ನನಗೆ ಜಂಭ, ಓನರ್ ಹೆಬ್ಬೆಟ್ಟೇ? ಒಂದು ತಿಂಗಳು ಸ್ಲೇಟಿನ ಮೇಲೆ ಕೈ ಹಿಡಿದು 'ಗಿರಿಜಮ್ಮ' ಅಂತ ತಿದ್ದಿಸಿದೆ. ಹಾಗಾಗಿ ಅವಳ ಸಹಿ ನನ್ನ ಅಕ್ಷರದ ಪಡಿಯಚ್ಚು.

ಕ್ಲಬ್ಬು ಓಡಿದ್ದು ನನ್ನ ಬುದ್ಧಿಯಿಂದಲ್ಲ, ಅವಳ ಡಿಕಾಕ್ಷನ್ನಿನಿಂದ. ಸೈರನ್ ಕೂಗಿ ಪಾಳಿ ಬಿಟ್ಟರೆ ಜಗಲಿ ತುಂಬ ಜನ. ಒಂದೇ ಬೆಂಚಿನಲ್ಲಿ ಕನ್ನಡ, ತಮಿಳು, ತೆಲುಗು. ಪಾನನಿರೋಧದ ಕಾಲ ಅದು, ಆದರೂ ಕಳ್ಳಭಟ್ಟಿ ಎಲ್ಲಿ ಸಿಗುತ್ತೆ ಅಂತ ಊರಿಗೇ ಗೊತ್ತಿತ್ತು. ಅದಕ್ಕೇ ಹೆಂಗಸರು ನಮ್ಮ ಹಿತ್ತಿಲ ಬಾಗಿಲಿಗೆ ಬಂದು, "ಅಕ್ಕಾ, ನಮ್ಮೋರು ಇದಾರಾ?" ಅಂತ ಕೇಳೋರು. "ಕಾಫಿ ಕುಡೀತಾ ಕೂತಿದಾರೆ, ಹೋಗು ಮಾರಾಯ್ತಿ" ಅನ್ನೋಳು ಇವಳು. ಒಳಗೆ ಇಣುಕದೆ ಹೋಗೋರು.

ಪಾನನಿರೋಧ ಎತ್ತಿದ್ದೇ ತಡ, ನನಗೆ ಇನ್ನೊಂದು ಹುಚ್ಚು. ಮುಂದೆ ಕಾಫಿ, ಹಿಂದಿನ ಸೌದೆ ಕೋಣೆಯಲ್ಲಿ ಬಾರು! ಫಾರಂ ತಂದು, "ಸಹಿ ಹಾಕೇ" ಅಂದೆ. ಕಾಫಿಬೀಜ ಹುರಿಯುತ್ತಿದ್ದವಳು ಕೈ ಒರೆಸಿಕೊಂಡು, ಬೆರಳಿಟ್ಟು ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದಳು.

"ಓದೋದು ಯಾವಾಗ ಕಲ್ತೆಯೇ?"

"ಬರೆಯೋದು ನೀವು ಕಲಿಸಿದ್ರಿ, ಓದೋದು ನಾನೇ ಕಲ್ತೆ. ಹಿತ್ತಿಲಿಗೆ ಬಂದೋರಿಗೆ ನಾಳೆಯಿಂದ ಏನಂತ ಹೇಳ್ಲಿ? ಬೋರ್ಡಲ್ಲಿರೋದು ನನ್ನ ಹೆಸರು ಕಣ್ರೀ. ನಾನು ಹಾಕಲ್ಲ."

ಗುರುವಿಗೇ ತಿರುಮಂತ್ರ! ಸಿಟ್ಟು ನೆತ್ತಿಗೇರಿತು. ಮಾರನೆ ದಿನ ಅವಳು ಹೊಳೆಗೆ ಹೋದಾಗ ನಾನೇ ಕೂತು ಅವಳ ಸಹಿ ಹಾಕಿದೆ. ಬ್ರಹ್ಮ ಬಂದರೂ ವ್ಯತ್ಯಾಸ ಹೇಳಲಾರ. ಸೋಮವಾರ ಶಿವಮೊಗ್ಗದ ಕಚೇರಿಗೆ ಕೊಡೋಣವೆಂದು ಫಾರಂ ಮಡಚಿ ಕೋಟಿನ ಜೇಬಿಗಿಟ್ಟೆ.

ಭಾನುವಾರ ಸಂಜೆ, ಗಿರಾಕಿಗಳ ಹೊತ್ತಿನಲ್ಲಿ ಎಂದೂ ಒಲೆ ಬಿಟ್ಟು ಏಳದವಳು, "ಗುಡಿಗೆ ಹೋಗ್ಬರ್ತೀನಿ, ನೋಡ್ಕೊಳ್ಳಿ" ಅಂತ ಹೊರಟಳು. ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ಕಂಕುಳಲ್ಲಿ ಕೂಸು ಎತ್ತಿಕೊಂಡ ಒಬ್ಬಾಕೆ.

"ಅಣ್ಣಾ, ನಮ್ಮೋರು ಇದಾರಾ?"

"ಇದಾನಮ್ಮಾ, ಕಾಫಿ ಕುಡೀತಿದಾನೆ."

"ಕಾಫೀನಾ?"

"ಕಾಫೀನೇ."

ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು, "ಹಂಗಾದ್ರೆ ಅನ್ನಕ್ಕಿಡ್ತೀನಿ" ಅಂತ ಹೋದಳು. ನನ್ನ ಮಾತನ್ನು ಅಷ್ಟು ನಂಬಿ ಹೋದದ್ದು ನೋಡಿ ನನಗೆ ನಾಚಿಕೆಯಾಯಿತು, ಬಹಳ ನಾಚಿಕೆಯಾಯಿತು. ಫಾರಂ ತಂದು ಒಲೆಗೆ ಹಾಕಿದೆ. ಗಿರಿಜೆಗೆ ಮಾತ್ರ, "ಯೋಚನೆ ಮಾಡಿದೆ, ಬಾರು ಬೇಡ" ಅಂತ ದೊಡ್ಡ ಮನುಷ್ಯನ ಹಾಗೆ ಹೇಳಿದೆ. ಆಮೇಲೆ ವರ್ಷಗಟ್ಟಲೆ ನೆಂಟರಿಷ್ಟರ ಮುಂದೆ ಅದನ್ನೇ ಕೊಚ್ಚಿಕೊಂಡೆ.

ಮೊನ್ನೆ ಇವಳು ಎರಡನೇ ಫಾರಮ್ಮಿಗೂ ನಿಧಾನಕ್ಕೆ ಸಹಿ ಹಾಕಿದಳು. ಕೌಂಟರಿನಾತ ತಿರುಗಿಸಿ ತಿರುಗಿಸಿ ನೋಡಿ, "ಇದೂ ಬೇರೆ ಥರ ಇದೆಯಲ್ಲಜ್ಜೀ" ಅಂದ.

"ಹಂಗಾದ್ರೆ ಇವರ ಕೈಲಿ ಹಾಕಿಸ್ಕೊಳ್ಳಪ್ಪಾ. ನನ್ನ ಸಹಿ ನನಗಿಂತ ಚೆನ್ನಾಗಿ ಹಾಕ್ತಾರೆ."

ಆತ ತಮಾಷೆ ಅಂತ ನಕ್ಕು, ಸಹಿ ಒಪ್ಪಿಕೊಂಡ. ಮೆಟ್ಟಿಲಿಳಿಯುವಾಗ ಅವಳ ಮುಂಗೈ ಹಿಡಿದುಕೊಂಡು ಕೇಳಿದೆ, "ಅವತ್ತು ನೀನು ಗುಡಿಗೆ ಹೋಗಿದ್ಯೇನೇ?"

"ಗುಡಿಗೆಲ್ಲಿ?" ಅಂದಳು. "ಕೋಟಿನ ಜೇಬಲ್ಲಿ ಫಾರಂ ಸಿಕ್ಕಿತ್ತಲ್ಲ, ಹಿತ್ತಿಲ ಬೇಲಿ ಆಚೆ ನಿಂತಿದ್ದೆ. ನೀವು ಆ ಹುಡುಗಿಗೆ ಏನು ಹೇಳ್ತೀರೋ ಕೇಳೋಣ ಅಂತ."