ಅಟ್ಟ ಖಾಲಿ ಮಾಡಿದ ಗಂಗಲಕ್ಷ್ಮಿ ಮೇಡಂ

ಬಿಳಿಗೆರೆ ಹತ್ತಿರದ ತೋಟದ ಮನೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಇಲ್ಲಿನ ಪುಟ್ಟ ಖಾಸಗಿ ಪ್ರಾಥಮಿಕ ಶಾಲೆಯ ಮುಖ್ಯಶಿಕ್ಷಕಿ ಗಂಗಲಕ್ಷ್ಮಿ ಸೆರಗು ಬಿಗಿದು ಅಟ್ಟ ಹತ್ತಿದ್ದಾರೆ. ಮೇಲಿಂದ ಒಂದೊಂದೇ ತೆಂಗಿನಕಾಯಿ ಕೊಡುತ್ತಾರೆ. ಏಣಿಯ ಕೆಳಗೆ ನಿಂತ ಮಾವ ಸಣ್ಣತಿಮ್ಮಯ್ಯ ಪ್ರತಿಯೊಂದನ್ನೂ ಕಿವಿ ಬಳಿ ಅಲ್ಲಾಡಿಸಿ ನೋಡುತ್ತಾರೆ.

"ಇನ್ನೂ ನೀರೈತೆ ಕಣವ್ವ. ಕೊಬ್ಬರಿ ಆಗ್ದಿರೋ ಕಾಯ್ನ ಇಳಿಸೋರ್ನ ಈ ಸೀಮೇಲಿ ನಾನು ಕಂಡಿರ್ಲಿಲ್ಲ ಬುಡು."

"ಈಗ ಕಂಡ್ರಲ್ಲ ಮಾವ, ಹಿಡ್ಕಳಿ."

ಅಟ್ಟದ ಕೆಳಗಿನ ಪಡಸಾಲೆಯೇ ಶಾಲೆ. ಗಂಗಲಕ್ಷ್ಮಿ ಪಾಠ ಹೇಳುತ್ತಾರೆ, ಕಸ ಗುಡಿಸುತ್ತಾರೆ, ಜ್ವರ ಬಂದ ಮಗುವನ್ನು ಸ್ಕೂಟಿಯಲ್ಲಿ ಮನೆಗೆ ಬಿಟ್ಟು ಬರುತ್ತಾರೆ. ಅರವತ್ತಿದ್ದ ಮಕ್ಕಳು ಈಗ ಇಪ್ಪತ್ತಾರು.

ಎರಡು ವರ್ಷದ ಹಿಂದೆ ಮಾನ್ಯತೆ ನವೀಕರಣದ ತಪಾಸಣೆಗೆ ಬಂದ ಅಧಿಕಾರಿ ತಲೆ ಎತ್ತಿ ನೋಡಿದರಂತೆ. "ಮೇಲೇನಿದೆ ಅಂದ್ರು. ಕಾಯಿ ಸಾರ್, ಅಂದೆ. ಈ ಕಡೆ ಯಾರ ಮನೆ ಅಟ್ಟದಲ್ಲಿಲ್ಲ ಹೇಳಿ? 'ಒಣಗಿದ ಸಿಪ್ಪೆ ರಾಶಿ ಕೆಳಗೆ ಮಕ್ಕಳನ್ನ ಕೂರಿಸಿದ್ದೀರಲ್ಲ, ಬೆಂಕಿ ಬಿದ್ರೆ?' ಅಂದ್ರು. ನಂಗೆ ಅವತ್ತು ಸಿಟ್ಟೇ ಬಂತು ಕಣ್ರೀ," ಎಂದು ಗಂಗಲಕ್ಷ್ಮಿ ನನಗೆ ಹೇಳುತ್ತಾರೆ.

ಕಾಯಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಬೇಕು. ನಡುವೆ ಇಳಿಸಿದರೆ ಕೊಳೆಯುತ್ತದೆ. ಆದಮೇಲೆ ಇಳಿಸೋಣ ಎಂದು ಮಾವ, ಸೊಸೆ ಇಬ್ಬರೂ ಮುಂದೂಡಿದರು. ಹಳೆಯದು ಇಳಿಯುವ ಹೊತ್ತಿಗೆ ಹೊಸದು ಏರಿತು. ಮಾನ್ಯತೆ ತಪ್ಪಿತು.

ಅದರ ಪೆಟ್ಟು ಬಿದ್ದದ್ದು ಯಮುನಾಗೆ. ಹುಳಿಯಾರು ಕಡೆಯ ಕುರಿ ಸಾಕುವ ಮನೆಯ ಹುಡುಗಿ, ಇಲ್ಲಿ ಅಜ್ಜಿ ಮನೆಯಲ್ಲಿದ್ದು ಓದಿದವಳು. ಹೋದ ವರ್ಷ ಐದನೇ ತರಗತಿ ಮುಗಿಸಿ, ವಸತಿ ಶಾಲೆಯ ಪ್ರವೇಶ ಪರೀಕ್ಷೆಯನ್ನೂ ಪಾಸು ಮಾಡಿದಳು. ಸೇರಲು ಹೋದರೆ, ಮಾನ್ಯತೆಯಿಲ್ಲದ ಶಾಲೆಯ ವ್ಯಾಸಂಗ ಪ್ರಮಾಣಪತ್ರ ನಡೆಯುವುದಿಲ್ಲ ಎಂದರು. ಸೀಟು ಬೇರೆಯವರ ಪಾಲಾಯಿತು. ಯಮುನಾ ಈಗ ಕುರಿ ಹಿಂದೆ ಅಲೆಯುತ್ತಾಳೆ.

"ಅವರಮ್ಮ ವನಜಾ ಜಗಳಕ್ಕೆ ಬರ್ಲಿಲ್ಲ. 'ನಿಮ್ನ ನಂಬಿ ಬುಟ್ಟಿದ್ನಲ್ಲ ಮೇಡಮ್ಮೋರೇ' ಅಂದ್ಳು. ಬಸ್ ಹತ್ತಿ ಹೋದ್ಳು."

ಚೆನ್ನಾಗಿ ಕಲಿಸಿದರೆ ಸಾಲದೇ, ಮಾನ್ಯತೆ ಯಾಕೆ ಎನ್ನುವವರಿದ್ದಾರೆ. ಕಲಿತದ್ದು ಮಗುವಿನ ತಲೆಯಲ್ಲಿರುತ್ತದೆ, ನಿಜ. ಮುಂದಿನ ಶಾಲೆಯವರು ತಲೆಯೊಳಗೆ ಇಣುಕಿ ನೋಡುವುದಿಲ್ಲ.

ಸೋಮವಾರ ಮತ್ತೆ ತಪಾಸಣೆ. ಈ ಸಲವೂ ತಪ್ಪಿದರೆ ಬಾಗಿಲು ಹಾಕಬೇಕು. ಐದನೇ ತರಗತಿಯಲ್ಲಿ ನಾಲ್ಕು ಮಕ್ಕಳಿದ್ದಾರೆ.

ಮಾನ್ಯತೆ ಸಿಕ್ಕರೆ ಯಮುನಾಗೆ ಏನಾದರೂ ದಾರಿ ಆಗುತ್ತದೆಯೇ ಎಂದು ಕೇಳುತ್ತೇನೆ.

"ಇಲ್ಲ. ಅಲ್ಲಿ ಆರನೇ ಕ್ಲಾಸಿಗೆ ಮಾತ್ರ ತಗೊಳ್ಳೋದು. ಅವಳದು ಹೋಯ್ತು," ಎನ್ನುತ್ತಾರೆ ಗಂಗಲಕ್ಷ್ಮಿ. "ಈ ನಾಲ್ಕು ಜನಾನ ಯಾರೂ ಗೇಟ್ ಹತ್ರ ನಿಲ್ಲಿಸಿ ವಾಪಸ್ ಕಳಿಸ್ದಿದ್ರೆ ಸಾಕು."