ಮೂರು ರಾಯರು ಬರುವವರೆಗೆ

ಬಳ್ಳಾರಿಯಲ್ಲಿ ಕ್ರಿಸ್ತ ನವೆಂಬರಿನಲ್ಲೇ ಹುಟ್ಟಿಬಿಟ್ಟಿದ್ದ. ಮೊಣಕಾಲಿನ ಆಪರೇಷನ್ ಆಗಿದ್ದ ತಂಗಿಯ ಜೊತೆಗಿರಲು ನಾನು ಮಂಗಳೂರಿನಿಂದ ಬಂದ ವಾರ ಅದು. ಚರ್ಚಿನ ಮುಂದೆ ಆಗಲೇ ನಕ್ಷತ್ರ ತೂಗುತ್ತಿತ್ತು. ಯೇಸು ಹುಟ್ಟಿದನೆಂದು ಮೈಕಿನಲ್ಲಿ ಒಮ್ಮೆ ಕನ್ನಡದಲ್ಲಿ, ಒಮ್ಮೆ ತೆಲುಗಿನಲ್ಲಿ ಹಾಡು. ನಾನು ಪೂಜೆ ಮುಗಿಯುವವರೆಗೆ ಹಲ್ಲು ಕಚ್ಚಿ ಕುಳಿತೆ.

ಮಂಗಳೂರಿನವರಾದ ನಿಮಗೆ ಈ ಸಿಟ್ಟು ಅರ್ಥವಾಗುತ್ತದೆ. ನರ್ಸಿಂಗ್ ಹಾಸ್ಟೆಲಿನ ವಾರ್ಡನ್ ಆಗಿ ಆಗಮನ ಕಾಲವನ್ನು ಗಂಟೆ ಹೊಡೆದ ಹಾಗೆ ಪಾಲಿಸಿದವಳು ನಾನು. ಕ್ರಿಸ್‌ಮಸ್‌ಗೆ ಮೊದಲಿನ ಆ ನಾಲ್ಕು ವಾರಗಳು ಕಾಯುವುದಕ್ಕೆ. ನೇರಳೆ ವಸ್ತ್ರ, ವಾರಕ್ಕೊಂದು ಮೇಣದಬತ್ತಿ, ಮುಚ್ಚಿಟ್ಟ ಕುಸ್ವಾರ್ ತಿಂಡಿಗಳ ಡಬ್ಬಿ. ಇಪ್ಪತ್ನಾಲ್ಕರ ರಾತ್ರಿ ಗೋದಲಿಯಲ್ಲಿ ಕೂಸನ್ನು ಮಲಗಿಸಿದ ಮೇಲೆಯೇ ಹಾಡು. ಆಮೇಲೆ, ಕೂಸನ್ನು ಕಾಣಲು ನಕ್ಷತ್ರ ನೋಡಿಕೊಂಡು ದೂರದಿಂದ ಹೊರಟ ರಾಜರು, ನಮ್ಮ ಮೂರು ರಾಯರು, ಜನವರಿ ಆರಕ್ಕೆ ಬಂದು ತಲುಪುವವರೆಗೂ ಹಬ್ಬವೇ.

ನಮ್ಮಲ್ಲಿ ಚಳಿ ಹಾಡಿನಲ್ಲಿ ಮಾತ್ರ ಇತ್ತು. ಇಲ್ಲಿ ಬೆಳಿಗ್ಗೆ ತುಟಿ ಒಡೆಯುತ್ತದೆ, ಕೋಟೆಗುಡ್ಡದ ಬಂಡೆ ಮುಟ್ಟಿದರೆ ಕೊರೆಯುತ್ತದೆ. ಚಳಿಗಾಲ ನಿಜವಾಗಿ ಇರುವ ಊರಿನಲ್ಲಿ ಕಾಯುವ ವ್ಯವಧಾನ ಮಾತ್ರ ಇಲ್ಲ.

ಡಿಸೆಂಬರ್ ಹುಟ್ಟುತ್ತಲೇ ಕ್ಯಾರಲ್ಸ್ ತಂಡ ಡೋಲಕ್ ಸಮೇತ ಬಾಗಿಲಿಗೆ ಬಂತು. ಮುಂದೆ ನಿಂತವಳು ಹಿಂದಿನ ಓಣಿಯ ಸುವಾರ್ತಮ್ಮ, ಕೂಲಿ ಮಾಡುವವಳು.

“ಇದು ಆಗಮನ ಕಾಲ. ಇಪ್ಪತ್ನಾಲ್ಕಕ್ಕೆ ಬನ್ನಿ,” ಎಂದೆ.

“ಇಪ್ಪತ್ನಾಕಕ್ಕ ನಾವು ಇರಂಗಿಲ್ರಿ ಅಮ್ಮಾರ. ನಾಳಿಗೆ ಕುರುಗೋಡು ಕಡೆ ಮೆಣಸಿನಕಾಯಿ ಬಿಡಿಸಾಕ ಹೊಂಟೀವಿ. ಹೊಲದಾಗ ಗುಡಿಸ್ಲು ಹಾಕ್ಕೊಂಡು ಅಲ್ಲೇ ಇರಾದು.”

“ಹಬ್ಬಕ್ಕೂ ಬಿಡುವುದಿಲ್ಲವೇ?”

“ಕಾಯಿ ಹಣ್ಣಾದ ಮ್ಯಾಲೆ ಸಾವ್ಕಾರ ನಮ್ಮ ಹಬ್ಬ ಕೇಳ್ತಾನೇನ್ರಿ?”

ಹಿಂದಿನಿಂದ ಅವಳ ಗಂಡನ ದನಿ ಬಂತು: “ಹಾಡು ಬ್ಯಾಡ ಅಂದಾರ, ಒಗ್ಗಾಣಿ ಬ್ಯಾಡ ಅಂದಿಲ್ಲ. ಸುಮ್ನ ನಿಂದ್ರು.”

ಒಗ್ಗಾಣಿ ಎಂದರೆ ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ. ಒಳಗೆ ನನ್ನ ತಂಗಿ ಆಗಲೇ ಬಾಣಲೆಯಿಟ್ಟಿದ್ದಳು. ಅವರು ಹಾಡಿದರು, ತಿಂದರು. ಹೊರಡುವಾಗ ಸುವಾರ್ತಮ್ಮ ನಿಂತಳು. “ಹ್ವಾದ ವರ್ಷ ನಾವು ಬರಾದ್ರೊಳಗ ಗೋದಲಿ ಬಿಚ್ಚಿಬಿಟ್ಟಿದ್ರು. ಮಗಳು ಅತ್ಲು. ಈ ಸಲ ಮೂರು ರಾಯರ ಹಬ್ಬಕ್ಕ ಬರತೀವಿ. ಅಲ್ಲಿತನ ಇಡಸ್ರಿ ಅಮ್ಮಾರ.”

ಇಡಿಸುತ್ತೇನೆಂದು ಮಾತು ಕೊಟ್ಟೆ.

ಹಬ್ಬದ ಮರುದಿನ ಬೆಳಿಗ್ಗೆ ಚರ್ಚಿಗೆ ಹೋದರೆ ಸಮಿತಿಯ ಹಿರಿಯ ದೇವದಾನಪ್ಪ ಗೋದಲಿ ಬಿಚ್ಚಿ, ಗೊಂಬೆ ಕುರುಬರನ್ನೂ ಕುರಿಗಳನ್ನೂ ಒಂದೇ ಗೋಣಿಚೀಲಕ್ಕೆ ತುರುಕುತ್ತಿದ್ದರು.

“ಹಬ್ಬ ಮುಗೀತಲ್ರಿ ಮೇಡಮ್ಮಾರ. ನಾಳಿಗೆ ಇಲ್ಲಿ ಮದಿವಿ ಐತಿ.”

“ಹಬ್ಬ ನಿನ್ನೆ ಶುರುವಾಗಿದೆ. ಮೂರು ರಾಯರು ಇನ್ನೂ ದಾರಿಯಲ್ಲಿದ್ದಾರೆ.”

“ಹಂಗಾರ ಫೋನ್ ಹಚ್ರಿ, ಲಗೂನ ಬರ್ರಿ ಅಂತ.”

ಸುತ್ತಲಿದ್ದವರು ನಕ್ಕರು. ನನಗೆ ಆಗಲೂ ನಗು ಬರಲಿಲ್ಲ, ಈಗಲೂ ಬರುವುದಿಲ್ಲ. ಕಾಯಬೇಕಾದ ವಾರಗಳಲ್ಲಿ ಕುಣಿದವರಿಗೆ ಹಬ್ಬ ಬಂದಾಗ ಆಕಳಿಕೆ. ದೂರದಿಂದ, ತಡವಾಗಿ ಬರುವವರಿಗೂ ಕೂಸು ಕಾಣಲಿ ಎಂದಲ್ಲವೇ ರಾಯರ ಹಬ್ಬ ಜನವರಿಯಲ್ಲಿರುವುದು?

“ಚೀಲ ಇತ್ತ ಕೊಡಿ,” ಎಂದೆ. ಹಾಸ್ಟೆಲಿನಲ್ಲಿ ನನ್ನ ದನಿ ಹೀಗೆ ತಗ್ಗಿದರೆ ಹುಡುಗಿಯರು ಎದ್ದು ನಿಲ್ಲುತ್ತಿದ್ದರು. ದೇವದಾನಪ್ಪ ಚೀಲ ಕೊಟ್ಟರು.

ಆಟೋದಲ್ಲಿ ತಂದು ತಂಗಿಯ ವರಾಂಡದಲ್ಲಿ ಗೋದಲಿ ಕಟ್ಟಿದೆ. ರಾಯರನ್ನು ಮೆಟ್ಟಿಲ ಬಳಿ ನಿಲ್ಲಿಸಿ, ನಮ್ಮೂರಿನಲ್ಲಿ ಮಾಡುತ್ತಿದ್ದಂತೆ ದಿನವೂ ಒಂದಿಷ್ಟು ಒಳಗೆ ಸರಿಸಿದೆ.

ರಾಯರು ಗೋದಲಿ ಮುಟ್ಟಿದ ಸಂಜೆ ಸುವಾರ್ತಮ್ಮನೂ ಬಂದಳು, ಗಂಡ ಮತ್ತು ಮಗಳ ಜೊತೆ. ಅವರ ಬಟ್ಟೆಯ ಮೆಣಸಿನಕಾಯಿ ಘಾಟಿಗೆ ತಂಗಿ ಸೀನತೊಡಗಿದಳು. ಕೂಸನ್ನು ಎತ್ತಿಕೋ ಎಂದರೆ ಸುವಾರ್ತಮ್ಮ ಕೈ ಹಿಂದಕ್ಕೆ ಒಯ್ದಳು.

“ಮುಟ್ಟಂಗಿಲ್ರಿ ಅಮ್ಮಾರ. ಎಷ್ಟು ತೊಳದ್ರೂ ಖಾರ ಹೋಗಿಲ್ಲ. ಕೂಸಿನ ಕಣ್ಣಿಗೆ ಹತ್ತತೈತಿ.”

ಮಣ್ಣಿನ ಕೂಸು ಅದು. ಅವಳ ಸೆರಗನ್ನು ಹರಡಿಸಿ ಅದರ ಮೇಲೆ ಮಲಗಿಸಿದೆ. ಮಗಳು ಬಗ್ಗಿ ನೋಡಿ ಹಾಡು ಎತ್ತಿದಳು.

ಕ್ರಮ ನಿಮ್ಮದೇ ಸರಿ ಎಂದು ಈಗಲೂ ಹೇಳುತ್ತೇನೆ. ಡಿಸೆಂಬರಿನ ಮೊದಲಲ್ಲಿ ಅವರು ಬಂದರೆ ಬಾಗಿಲು ತೆರೆಯುತ್ತೇನೆ, ಒಗ್ಗಾಣಿ ಕೊಡುತ್ತೇನೆ, ಹಾಡಲು ಬಾಯಿ ಮಾತ್ರ ತೆರೆಯುವುದಿಲ್ಲ. ಇಪ್ಪತ್ನಾಲ್ಕರ ರಾತ್ರಿ ನಾನು ಹಾಡುವಾಗ ಅವರು ಹೊಲದಲ್ಲಿರುತ್ತಾರೆ. ಅವರ ಜೊತೆ ಹಾಡಲು ನನಗಿರುವುದು ಮೂರು ರಾಯರ ಹಬ್ಬದ ಸಂಜೆ ಒಂದೇ. ಅದಕ್ಕೇ ಆ ಗೋಣಿಚೀಲವನ್ನು ನಾನಿನ್ನೂ ಚರ್ಚಿಗೆ ಹಿಂತಿರುಗಿಸಿಲ್ಲ.