ಕಣ್ಣೀರು ಕಲಿಸುತ್ತಿದ್ದ ಜಯರಾಮಣ್ಣ

ಏನು ಹೇಳುವುದಿದ್ದರೂ ಜಯರಾಮಣ್ಣ ಮೊದಲು ಮೂರು ಬೆರಳು ಎತ್ತುತ್ತಿದ್ದರು. ಹೇಳಲು ಒಂದೇ ಮಾತಿದ್ದರೂ ಬೆರಳು ಮಾತ್ರ ಮೂರು. ಕಾಫಿ ತರಿಸುವಾಗಲೂ ಹಾಗೇ ಎತ್ತಿ, ನಾವಿಬ್ಬರಿದ್ದ ಕಡೆ ಮೂರು ಲೋಟ ಬಂದದ್ದುಂಟು.

ದಿಂಡಿಗಲ್‌ನ ಬೀಗದ ಅಂಗಡಿಯೊಂದರ ಮಹಡಿಯಲ್ಲಿ ಅವರ ತರಗತಿ. ಬಂಡವಾಳ ಹೂಡುವವರ ಮುಂದೆ ಹೇಗೆ ಮಾತಾಡಬೇಕೆಂದು ಹೊಸ ಉದ್ಯಮಿಗಳಿಗೆ ಕಲಿಸುತ್ತಿದ್ದರು. ತಾವು ಮಾತ್ರ ಜನ್ಮದಲ್ಲಿ ಯಾರಿಂದಲೂ ಬಂಡವಾಳ ತಂದವರಲ್ಲ. ಆ ತಮಿಳು ಸೀಮೆಯಲ್ಲಿ ನಮ್ಮ ಹಾಗೇ ಮನೆಯಲ್ಲಿ ಕನ್ನಡ ಆಡುವ ಜನ ಎಂಬ ಒಂದೇ ನಂಬಿಕೆಯಿಂದ ಚಿನ್ನಮನೂರಿನಲ್ಲಿ ಬಸ್ಸು ಹತ್ತಿ ಅವರ ಬಳಿ ಹೋದೆ.

ನಮ್ಮದು ತಂಪುಗಾಡಿ, ಹಣ್ಣನ್ನು ತಣ್ಣಗಿಟ್ಟು ಸಾಗಿಸುವಂಥದು. ಕಂಬಂ ಕಣಿವೆಯ ದ್ರಾಕ್ಷಿ ಮಧುರೈ ಮಾರುಕಟ್ಟೆ ಸೇರುವಷ್ಟರಲ್ಲಿ ಬಾಡದಿರಲೆಂದು ಅಪ್ಪ ತಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಎರಡು ವರ್ಷ ಒದ್ದಾಡಿ ಕಟ್ಟಿದ್ದು. ಇನ್ನೂ ಹತ್ತು ಗಾಡಿಗೆ ಬಂಡವಾಳ ಬೇಕಿತ್ತು. ಗಾಡಿಯ ಚಿತ್ರ ತೋರಿಸಹೋದರೆ ಜಯರಾಮಣ್ಣ ಕಣ್ಣು ಹಾಯಿಸಲೂ ಇಲ್ಲ.

"ಗಾಡಿ ಯಾರ್ಗ್ ಬೇಕು ಪಾಪ್ಪಾ? ಕತೆ ಯೋಳು. ನಿಮ್ಮಪ್ಪ ಇದಾರಾ?"

"ಇದಾರಣ್ಣಾ. ಕೆಳಗೆ ಟೀ ಕುಡೀತಿದಾರೆ."

"ಅಯ್ಯೋ!" ನಿಜವಾಗಿಯೂ ನೊಂದುಕೊಂಡರು. "ಇಲ್ಲಾಂತ ಇಟ್ಕೋ. ದ್ರಾಕ್ಷಿ ಕೊಳೀತು, ಎದೆ ಒಡ್ದು ಸತ್ತೋದ್ರು. ಮೂರ್ನೇ ಸ್ಲೈಡ್ನಾಗೆ ನೀನ್ ಅಳ್ಬೇಕು."

ನಾನೇನು ಕಡಿಮೆ? ಮೂರು ವಾರ ಕನ್ನಡಿಯ ಮುಂದೆ ನಿಂತು ಅಳುವುದನ್ನು ಕಲಿತೆ. ಅಪ್ಪನಿಗೆ ಹೇಳಲಿಲ್ಲ.

ಹೂಡಿಕೆದಾರರ ಸಭೆ ಕೊಡೈಕಾನಲ್‌ನ ಹೋಟೆಲೊಂದರಲ್ಲಿ. ತಂಪುಗಾಡಿ ನೋಡಲು ಆ ಚಳಿಯೂರಿಗೆ ಕರೆಸಿದವರ ಬುದ್ಧಿಗೆ ಏನೆನ್ನಬೇಕೋ! ಅಪ್ಪನೇ ಗಾಡಿಯನ್ನು ಘಾಟಿ ಹತ್ತಿಸಿ ತಂದರು. ಹೊರಗೇ ಇರಿ ಎಂದಿದ್ದೆ. ಮೂರನೆಯ ಸ್ಲೈಡಿನಲ್ಲಿ "ನಮ್ಮಪ್ಪ ಇವತ್ತು ಇದ್ದಿದ್ದರೆ..." ಎಂದು ಗಂಟಲು ನಡುಗಿಸುವಾಗಲೇ, ತಟ್ಟೆ ತುಂಬ ದ್ರಾಕ್ಷಿ ಹಿಡಿದು ಅಪ್ಪ ಒಳಗೆ ಬಂದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಜಯರಾಮಣ್ಣ ಚಂಗನೆ ಎದ್ದರು. "ಡ್ರೈವರ್! ಆಚೆ ಇರಪ್ಪಾ!"

ನಾನು ಹೇಳಿದ್ದು ಅಪ್ಪನ ಕಿವಿಗೆ ಬಿದ್ದಿತ್ತು. ಒಂದು ಗಳಿಗೆ ನನ್ನನ್ನೇ ನೋಡಿದರು. ಆಮೇಲೆ ಡ್ರೈವರನಂತೆಯೇ ತಲೆಯಾಡಿಸಿ ಬಾಗಿಲಿನತ್ತ ತಿರುಗಿದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಅವರು ಡ್ರೈವರಲ್ಲ. ಅವರೇ ನಮ್ಮಪ್ಪ. ಗಾಡಿ ಕಟ್ಟಿದ್ದೂ ಅವರೇ. ನಾನು ಹೇಳಿದ್ದು ಸುಳ್ಳು."

ಯಾರೋ ನಕ್ಕರು. ಮಿಕ್ಕವರು ಮೊಬೈಲಿನಲ್ಲಿ ಮುಳುಗಿದರು. ಮುಂದಿನ ಸಾಲಿನ ಹೆಂಗಸೊಬ್ಬರು ಮಾತ್ರ ದ್ರಾಕ್ಷಿ ಬಾಯಿಗೆ ಹಾಕಿಕೊಂಡು, "ಯಾವಾಗ ಕೊಯ್ದದ್ದು?" ಎಂದು ಅಪ್ಪನನ್ನು ಕೇಳಿದರು.

"ಮೊನ್ನೆ."

"ಗಾಡಿ ಕೆಟ್ಟಿದೆಯಾ?"

"ಎರಡು ಸಲ," ಎಂದ ಅಪ್ಪ, ಯಾಕೆ ಕೆಟ್ಟಿತೆಂಬುದನ್ನೂ ಬಿಡದೆ ವಿವರಿಸಿದರು.

ಘಾಟಿ ಇಳಿದು ಟೀ ಅಂಗಡಿಯಲ್ಲಿ ನಿಂತಾಗ ಅಪ್ಪ ಕೇಳಿದರು: "ನನ್ನ ಸಾಯ್ಸಾಕೆ ಆವಯ್ಯಂಗೆ ಎಷ್ಟು ಫೀಸ್ ಕೊಟ್ಟೆ?" ನಾನು ಅತ್ತೆ. ಯಾರೂ ಕಲಿಸದ ಅಳು ಅದು.

ಹದಿನೈದು ದಿನದ ಮೇಲೆ ಆ ಹೆಂಗಸು ಶೆಡ್ಡಿಗೆ ಬಂದು, ಗಾಡಿಯ ಅಡಿಗೆ ಬಗ್ಗಿ ನೋಡಿ, ನಾಲ್ಕು ಗಾಡಿಗೆ ಒಪ್ಪಿದರು.

ಜಯರಾಮಣ್ಣನನ್ನು ಕೊನೆಯದಾಗಿ ಕಂಡದ್ದು ಹೋದ ವರ್ಷ, ದಿಂಡಿಗಲ್ ರೈಲು ನಿಲ್ದಾಣದಲ್ಲಿ. ನಾಚಿಕೆಯ ಸುಳಿವೂ ಇಲ್ಲದೆ ಓಡಿ ಬಂದರು.

"ನನ್ ಸ್ಟೂಡೆಂಟು! ಸತ್ತ ಅಪ್ಪನ್ನ ಸಭೇಲಿ ಬದುಕ್ಸಿದ್ದು ನನ್ ಐಡಿಯಾ ಅಂತ ಎಲ್ಲಾರ್ಗೂ ಯೋಳ್ತೀನಿ. ಭಾನುವಾರ ಒಸಾ ಹುಡುಗ್ರಿಗೆ ನೀನೇ ಬಂದು ಮಾತಾಡ್ಬೇಕು."

"ನಾನ್ ಬರಲ್ಲಣ್ಣಾ."

ಅವರ ಮುಖ ಸ್ವಲ್ಪವೂ ಕಂದಲಿಲ್ಲ.

"ಪರ್ವಾಗಿಲ್ಲ ಪಾಪ್ಪಾ. ನೀ ಬತ್ತೀಯಾಂತ ಪೋಸ್ಟರ್ ಅಂಟ್ಸಾಯ್ತು."